ಬೀಡಿ ಬಿಡೋಕೆ ಗಾಂಜಾ ನೆರವಾಗುತ್ತಾ? ರಮೇಶಣ್ಣನ ಪ್ರಶ್ನೆಗೆ ಉತ್ತರ

ರಮೇಶಣ್ಣ, ಬೀಡಿ ಬಿಟ್ಟು ಒಂದು ವಾರ ಆಗಿದೆ, ತಡೆಯೋಕೆ ಆಗ್ತಿಲ್ಲ, ಗಾಂಜಾ ಎರಡು ದಮ್ ಎಳೆದರೆ ಚಟ ಇಳಿಯುತ್ತಂತೆ ನಿಜವಾ ಅಂತ ಕೇಳಿದ್ದೀರಿ. ಇಳಿಯಲ್ಲ ಅಣ್ಣ. ಏರೋದೇ ಜಾಸ್ತಿ. ಪೊಲೀಸ್ ತಾಪತ್ರಯ ಬೇರೆ, ಅದನ್ನು ಪಕ್ಕಕ್ಕಿಡಿ. ಮೆದುಳಿನ ಕಥೆ ಹೇಳುತ್ತೇನೆ.

ಹೊಗೆ ಎಳೆದ 10–20 ಸೆಕೆಂಡಿನಲ್ಲಿ, ತಂಬಾಕಿನಲ್ಲಿ ಚಟ ಹತ್ತಿಸೋ ನಿಕೋಟಿನ್ ಮೆದುಳು ಮುಟ್ಟುತ್ತದೆ. ಡೋಪಮೈನ್, ಅಂದರೆ 'ಇನ್ನೂ ಬೇಕು' ಅನ್ನಿಸೋ ರಾಸಾಯನಿಕ, ಬಿಡುವ ನರಕೋಶಗಳನ್ನು ಕೆಣಕುತ್ತದೆ. ಈ ಕೋಶಗಳು ಹದ್ದು ಮೀರದ ಹಾಗೆ ಗಾಬಾ ಅನ್ನೋ ರಾಸಾಯನಿಕ ಮೂಗುದಾರ ಹಿಡಿದಿರುತ್ತದೆ. ಕೆರಳಿದ ಡೋಪಮೈನ್ ಕೋಶಗಳು ತಾವೇ 2-ಎಜಿ ಎಂಬ ವಸ್ತು ತಯಾರಿಸಿ ಹೊರಬಿಡುತ್ತವೆ. ಅದು ಗಾಬಾ ಬಿಡುವ ನರತುದಿಯ ಮೇಲಿರುವ ಸಿಬಿ1 ಅನ್ನೋ ಗ್ರಾಹಕದ (ಬೀಗಕ್ಕೆ ಕೀಲಿಯಂತೆ ರಾಸಾಯನಿಕ ಬಂದು ಕೂರುವ ಜಾಗ) ಮೇಲೆ ಕೂತು ಮೂಗುದಾರ ಸಡಿಲ ಮಾಡುತ್ತದೆ. ಗಾಂಜಾದಲ್ಲಿ ಮತ್ತು ಏರಿಸೋ ಟಿಎಚ್‌ಸಿ ಕೂರುವುದೂ ಇದೇ ಸಿಬಿ1 ಮೇಲೆ! ಅಂದರೆ ಅದೂ ಮೂಗುದಾರ ಸಡಿಲಿಸುತ್ತದೆ, ಬಿಗಿ ಮಾಡಲ್ಲ. ಜೊತೆಗೆ ಎಷ್ಟೋ ಜನ ಗಾಂಜಾಗೆ ತಂಬಾಕು ಬೆರೆಸಿಯೇ ಸೇದುತ್ತಾರೆ ಅಲ್ವಾ? ನಿಕೋಟಿನ್ ಬಿಟ್ಟ ಹಾಗೆ ಎಲ್ಲಿ ಆಯ್ತು?

ಇದು ಸುಮ್ನೆ ಊಹೆಯಲ್ಲ. ನಿಕೋಟಿನ್ ಕೊಟ್ಟ ಗೂಡಿಗೇ ಇಲಿಗಳು ಮತ್ತೆ ಮತ್ತೆ ಹೋಗುತ್ತವೆ. ಸಿಬಿ1 ಇಲ್ಲದ ಹಾಗೆ ಬೆಳೆಸಿದ ಇಲಿಗಳು ಆ ಗೂಡಿಗಾಗಿ ಹಂಬಲಿಸಲಿಲ್ಲ.

ಹಾಗಾದರೆ ಸಿಬಿ1 ಮುಚ್ಚಿಬಿಟ್ಟರೆ ಆಯ್ತಲ್ಲ? ಅದನ್ನೂ ಮಾಡಿ ನೋಡಿದ್ದಾರೆ. ರಿಮೊನಬಾಂಟ್ ಅನ್ನೋ ಮಾತ್ರೆ ಕೊಟ್ಟಾಗ ಸಿಗರೇಟ್ ಬಿಟ್ಟವರು ಹೆಚ್ಚಾದರು. ಆದರೆ ಹಸಿವು, ಮನಸ್ಸಿನ ಉಲ್ಲಾಸ ಎಲ್ಲಕ್ಕೂ ಸಿಬಿ1 ಬೇಕು. ಹಲವರಿಗೆ ಖಿನ್ನತೆ ಬಂತು, ಕೆಲವರಿಗೆ ಆತ್ಮಹತ್ಯೆಯ ಯೋಚನೆಯೂ ಬಂತು. 2006ರಲ್ಲಿ ಬೊಜ್ಜಿನ ಔಷಧಿಯಾಗಿ ಯುರೋಪಿನ ಮಾರುಕಟ್ಟೆಗೆ ಬಂದ ಮಾತ್ರೆ 2008ಕ್ಕೆ ನಿಂತಿತು. ನಮ್ಮಲ್ಲಿ 2009ರಲ್ಲಿ ನಿಷೇಧಿಸಿದರು. ಗಾಂಜಾ ಗಿಡದಿಂದಲೇ ತೆಗೆಯುವ, ಮತ್ತು ಏರಿಸದ ಸಿಬಿಡಿ ಎಣ್ಣೆಗೂ ದುಡ್ಡು ಸುರಿಯಬೇಡಿ, ಬೀಡಿ ಬಿಡಿಸೋ ವಿಷಯದಲ್ಲಿ ಅದು ಇನ್ನೂ ಪುಟ್ಟ ಪ್ರಯೋಗಗಳ ಹಂತದಲ್ಲೇ ಇದೆ.

ಸದ್ಯಕ್ಕೆ ನಿಕೋಟಿನ್ ಗಮ್ ಹಿಡಿಯಿರಿ. ಚೂಯಿಂಗ್ ಗಮ್ ಥರ ಜಗಿದು ಉಗುಳಿ "ಉಪಯೋಗ ಇಲ್ಲ" ಅನ್ನುವವರೇ ಜಾಸ್ತಿ. ನಿಧಾನಕ್ಕೆ ಜಗಿಯಿರಿ. ಬಾಯಿ ಚುರುಗುಟ್ಟಿದ ತಕ್ಷಣ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಿ. ಚುರುಗುಟ್ಟೋದು ಇಳಿದ ಮೇಲೆ ಮತ್ತೆ ಜಗಿಯಿರಿ. ಹೀಗೆ ಅರ್ಧ ಗಂಟೆ. ಅದಕ್ಕೆ ಮುಂಚಿನ 15 ನಿಮಿಷ ಟೀ, ಕಾಫಿ ಬೇಡ, ಬಾಯಿ ಹುಳಿಯಾದರೆ ನಿಕೋಟಿನ್ ಒಳಗೆ ಇಳಿಯಲ್ಲ. ಟೀ ಆದಮೇಲೆ ಬೀಡಿ ಅನ್ನೋ ಅಭ್ಯಾಸವಿದ್ದರೆ ಕೆಲವು ದಿನ ಟೀ ಅಂಗಡಿ ಕಟ್ಟೆಯ ಕಡೆ ಹೋಗಲೇಬೇಡಿ. ಮೊದಲ ಮೂರು ದಿನವೇ ಕಷ್ಟ, ಅದನ್ನು ನೀವು ದಾಟಿಯಾಗಿದೆ. ಮೂರು ನಾಲ್ಕು ವಾರದಲ್ಲಿ ಬಹಳಷ್ಟು ತಣ್ಣಗಾಗುತ್ತದೆ.

ಇನ್ನೊಂದು ಮಾತು, ನೀವು ಹೊಗೆಸೊಪ್ಪು ಬೆಳೆಯುವವರು. ಇಬ್ಬನಿ ಬಿದ್ದ ಎಲೆ ಮುರಿಯುವಾಗ ಚರ್ಮದ ಮೂಲಕವೂ ನಿಕೋಟಿನ್ ಒಳಗೆ ಹೋಗುತ್ತದೆ. ಅದರ ಮೇಲೆ ಗಮ್ ಹಾಕಿದರೆ ತಲೆ ಸುತ್ತಿ ವಾಂತಿ ಬರಬಹುದು. ಕೈಗವಸು, ತುಂಬು ತೋಳಿನ ಅಂಗಿ ಹಾಕಿ. ಗಮ್ ಸಾಲದು ಅನ್ನಿಸಿದರೆ ತಂಬಾಕು ಬಿಡೋರಿಗೆ ಇರುವ ಸರ್ಕಾರಿ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.