ಕ್ಯಾನ್ಸರ್ ಅಲ್ಲದಿದ್ದರೂ ಕುದುರೆಯ ಮೂಗಿನ ಗಡ್ಡೆಗೆ ಚಿಕಿತ್ಸೆ ಬೇಕೇ?

ಪ್ರಶ್ನೆ: ನಮ್ಮ ಕುದುರೆಗೆ 12 ವರ್ಷ. ಎಡ ಹೊಳ್ಳೆಯಿಂದ ಆಗಾಗ ಸ್ವಲ್ಪ ರಕ್ತ ಇಳಿಯುತ್ತದೆ, ಲಾಯದಲ್ಲಿ ಸುಮ್ನೆ ನಿಂತಿದ್ದಾಗಲೂ. ಎಂಡೋಸ್ಕೋಪ್ (ಕ್ಯಾಮೆರಾ ಇರುವ ತೆಳು ಕೊಳವೆ) ಹಾಕಿ ನೋಡಿದ ಡಾಕ್ಟರು, ‘ಎತ್ಮಾಯ್ಡ್ ಹೆಮಟೋಮಾ ಅನ್ನುವ ಗಡ್ಡೆ, ಕ್ಯಾನ್ಸರ್ ಅಲ್ಲ’ ಅಂದರು. ಮೇವು ಚೆನ್ನಾಗಿಯೇ ತಿನ್ನುತ್ತಿದೆ. ಹಾಗೇ ಬಿಟ್ಟರೆ ಏನಾಗುತ್ತದೆ?

ಉತ್ತರ: ದಯವಿಟ್ಟು ಹಾಗೇ ಬಿಡಬೇಡಿ. ಮೂಗಿನ ಒಳಭಾಗದ ಈ ರಕ್ತಗಡ್ಡೆ ಬೇರೆ ಅಂಗಕ್ಕೆ ಹರಡುವುದಿಲ್ಲ, ನಿಜ. ಆದರೆ ಇದ್ದ ಜಾಗದಲ್ಲೇ ಬೆಳೆಯುತ್ತದೆ. ಗಡ್ಡೆಯ ಒಳಗೇ ರಕ್ತ ಒಸರಿ ಅದು ಊದುತ್ತಾ ಹೋಗುತ್ತದೆ. ಮೇಲಿನ ಪೊರೆ ಬಿರಿದಾಗ ನಿಮಗೆ ಹೊಳ್ಳೆಯಲ್ಲಿ ರಕ್ತ ಕಾಣುತ್ತದೆ. ಎಂಡೋಸ್ಕೋಪ್‌ನಲ್ಲಿ ನೋಡಿದರೆ ಹಸಿರು ಮಿಶ್ರಿತ ಹಳದಿಯಿಂದ ಕಡುನೇರಳೆವರೆಗೆ ಬಣ್ಣ, ಮೇಲೆಲ್ಲ ನುಣುಪು. ಕುದುರೆ ನಮ್ಮ ಹಾಗೆ ಬಾಯಲ್ಲಿ ಉಸಿರಾಡುವುದಿಲ್ಲ, ಅದಕ್ಕೆ ಮೂಗೊಂದೇ ದಾರಿ. ಆ ದಾರಿ ಕಟ್ಟಿದರೆ ಕಷ್ಟ ಅಲ್ವಾ?

ಓಡಿದ ಮೇಲೆ ಬರುವ ರಕ್ತ ಸಾಮಾನ್ಯವಾಗಿ ಶ್ವಾಸಕೋಶದ್ದು. ಎರಡೂ ಹೊಳ್ಳೆಯಲ್ಲಿ ಕಾಣಬಹುದು. ಸುಮ್ನೆ ನಿಂತಾಗ ಒಂದೇ ಕಡೆ ಇಳಿಯುವುದು ಬೇರೆ ಕಥೆ. ನೀವು ಅದನ್ನು ಗಮನಿಸಿದ್ದು ಒಳ್ಳೆಯದಾಯಿತು.

ಗಡ್ಡೆ ಚಿಕ್ಕದಿದ್ದರೆ ಕುದುರೆಗೆ ಮಂಪರಿನ ಔಷಧ ಕೊಟ್ಟು, ನಿಂತಿರುವಂತೆಯೇ ಎಂಡೋಸ್ಕೋಪ್ ಮೂಲಕ ಅದಕ್ಕೆ ಫಾರ್ಮಲಿನ್ ಎಂಬ, ಗಡ್ಡೆಯನ್ನು ಕುಗ್ಗಿಸುವ ರಾಸಾಯನಿಕ ಚುಚ್ಚುತ್ತಾರೆ. ಕೆಲವು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಲೇಸರ್‌ನಿಂದ ಸುಡುವುದೂ ಉಂಟು. ಫಾರ್ಮಲಿನ್‌ಗೆ ಮೊದಲು ಸಿಟಿ ಸ್ಕ್ಯಾನ್ ಮಾಡಿಸಲು ಸಾಧ್ಯವೇ ಎಂದು ಖಂಡಿತ ಕೇಳಿ. ಮೂಗಿಗೂ ಮಿದುಳಿಗೂ ನಡುವೆ ಇರುವುದು ತೆಳುವಾದ ಮೂಳೆ. ಗಡ್ಡೆ ಅದನ್ನು ಸವೆಸಿದ್ದರೆ ಔಷಧ ಮಿದುಳಿಗೆ ತಲುಪಿ ಜೀವಕ್ಕೇ ಅಪಾಯ. ಗಡ್ಡೆ ಎಲ್ಲಿವರೆಗೆ ಹಬ್ಬಿದೆ ಎಂಬುದೂ ಸ್ಕ್ಯಾನ್‌ನಲ್ಲೇ ಚೆನ್ನಾಗಿ ಗೊತ್ತಾಗುತ್ತದೆ.

ಸೈನಸ್ (ಮುಖದ ಮೂಳೆಯೊಳಗಿನ ಟೊಳ್ಳು) ಒಳಗೆ ದೊಡ್ಡದಾಗಿ ಬೆಳೆದಿದ್ದರೆ ಮುಖದ ಮೂಳೆ ತೆರೆದು ತೆಗೆಯಬೇಕು. ಆಗ ರಕ್ತ ಜಾಸ್ತಿ ಹೋಗುತ್ತದೆ. ಬೇರೆ ಕುದುರೆಯ ರಕ್ತವನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು ಅದಕ್ಕೇ. ಕಾಯದೆ ಈಗಲೇ ಮಾಡಿಸಿ ಎಂದು ನಾನು ಒತ್ತಿ ಹೇಳುವುದೂ ಇದೇ ಕಾರಣಕ್ಕೆ.

ಸೈನಸ್ ಸಿಸ್ಟ್ ಕೂಡ ಕ್ಯಾನ್ಸರ್ ಅಲ್ಲದ ಗಡ್ಡೆಯೇ. ಒಳಗೆ ಹಳದಿ ನೀರು ತುಂಬಿರುತ್ತದೆ, ಕಣ್ಣಿನ ಕೆಳಗೆ ಮುಖ ಊದಿಕೊಳ್ಳುತ್ತದೆ. ಪೂರ್ತಿ ತೆಗೆದರೆ ಅದು ಮರಳುವುದು ಅಪರೂಪ. ಹೆಮಟೋಮಾ ಹಾಗಲ್ಲ, ಮತ್ತೆ ಬರುವುದು ಸಾಮಾನ್ಯ, ಕೆಲವೊಮ್ಮೆ ಇನ್ನೊಂದು ಕಡೆಯೂ ಇರುತ್ತದೆ. ಆದ್ದರಿಂದ ಬಲ ಹೊಳ್ಳೆಯನ್ನೂ ನೋಡಿಸಿ. ಚಿಕಿತ್ಸೆ ಮುಗಿದ ಮೇಲೂ ಡಾಕ್ಟರು ಹೇಳಿದ ಸಮಯಕ್ಕೆ ಎಂಡೋಸ್ಕೋಪಿ ತಪ್ಪಿಸಬೇಡಿ. ಹನಿ ಹನಿ ಬರುತ್ತಿದ್ದ ರಕ್ತ ಒಮ್ಮೆಲೇ ಧಾರೆಯಾಗಿ ಸುರಿದರೆ ಮಾತ್ರ ಕಾಯಲೇಬೇಡಿ, ತಕ್ಷಣ ಪಶುವೈದ್ಯರನ್ನು ಕರೆಸಿ.