ನಿಮ್ಮ ಹಕ್ಕಿ ಲೇಖನ ಯಾಕೆ ವಾಪಸ್ ಕಳಿಸ್ತಿದ್ದೇನೆ ಅಂದ್ರೆ

ನಮಸ್ಕಾರ. ನೀವು ಕಳಿಸಿದ "ಹಕ್ಕಿಗಳೆಲ್ಲ ಎಲ್ಲಿ ಹೋದವು?" ಲೇಖನ ಎರಡೆರಡು ಸಲ ಓದಿದೆ. ಹೀಗೇ ಇದ್ರೆ ನಮ್ಮ ಪತ್ರಿಕೆಗೆ ತಗೊಳ್ಳೋಕಾಗಲ್ಲ. "ಪ್ರಕಟಣೆಗೆ ಸೂಕ್ತವಾಗಿಲ್ಲ" ಅಂತ ಒಂದು ಲೈನ್ ಬರ್ದು ಮುಗಿಸ್ಬಹುದಿತ್ತು, ಆದ್ರೆ ಮೂರನೇ ಪುಟದಲ್ಲಿ ಮುಂಬಯಿಯ ಮುಲುಂಡಿನ ಕಿರಾಣಿ ಅಂಗಡಿ ಬಗ್ಗೆ ನಾಲ್ಕು ಸಾಲು ಉಂಟಲ್ಲ, ಅದಕ್ಕೋಸ್ಕರ ಇಷ್ಟುದ್ದ ಬರೀತಿದ್ದೇನೆ.

ಮೊದ್ಲು ತಕರಾರು. ನಿಮ್ಮಲ್ಲಿ ಗುಬ್ಬಿ, ರಣಹದ್ದು, ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್), ಫ್ಲೆಮಿಂಗೋ ಎಲ್ಲಾ ಒಂದೇ ಉಸಿರಲ್ಲಿ ಸಾಯ್ತಾವೆ, ಎಲ್ಲದಕ್ಕೂ ಅಪರಾಧಿ ಮೊಬೈಲ್ ಟವರ್. ಎಲ್ಲ ಕಾಯಿಲೆಗೂ ಒಂದೇ ಕಷಾಯ ಕುಡಿಸಿದ ಹಾಗಾಯ್ತು. ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸಲ್ಲಿ 1925ರಲ್ಲಿ ಎಣಿಸಿದಾಗ 2603 ಗುಬ್ಬಿ ಇದ್ವು, 1975ಕ್ಕೆ 544. ಆಗ ಯಾರ ಕಿಸೆಯಲ್ಲಿ ಮೊಬೈಲ್ ಇತ್ತು ಮಾರಾಯ್ರೆ? ಕುದುರೆ ಗಾಡಿ ಹೋಗಿ ಕಾರು ಬಂತು, ಬೀದಿಲಿ ಚೆಲ್ತಿದ್ದ ಕಾಳು ನಿಂತೋಯ್ತು ಅಂತ ಅಲ್ಲಿಯವರು ಆ ಕಾಲದಲ್ಲೇ ಹೇಳ್ತಿದ್ರು. ಟವರಿಂದ ಏನೂ ಆಗಲ್ಲ ಅಂತ ನಾನು ಹೇಳ್ತಿಲ್ಲ, ಅನುಮಾನವನ್ನ ತೀರ್ಪಿನ ಥರ ಬರೀಬೇಡಿ ಅಂತಿದ್ದೇನೆ ಅಷ್ಟೆ.

ರಣಹದ್ದಿಗೆ ನೀವು ಕೊಟ್ಟಿದ್ದು ಅರ್ಧ ಸಾಲು. ಅದು ಪೂರ್ತಿ ಪತ್ತೇದಾರಿ ಕಥೆ! 90ರ ದಶಕದಲ್ಲಿ ರಾಶಿ ರಾಶಿ ಸಾಯ್ತಿದ್ವು, ಯಾವುದೋ ವೈರಸ್ ಇರ್ಬೇಕು ಅಂತ ಹುಡುಕಾಟ ನಡೀತು, ಕೊನೆಗೆ 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ ಗೊತ್ತಾಯ್ತು, ದನಕ್ಕೆ ನೋವಿಗೆ ಕೊಡೋ ಡೈಕ್ಲೊಫೆನಾಕ್, ಆ ದನ ಸತ್ತ ಮೇಲೆ ಅದರ ಮಾಂಸ ತಿಂದ ಹದ್ದಿನ ಕಿಡ್ನಿ ಕೆಡ್ತಿತ್ತು. 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದು ನಮ್ಮ ದೇಶದಲ್ಲಿ ಸಾವಿರಕ್ಕೆ ಒಂದು ಅನ್ನೋಷ್ಟಕ್ಕೆ ಇಳಿದಿತ್ತು. 2006ರಲ್ಲಿ ದನದ ಔಷಧಿ ಬ್ಯಾನ್ ಆಯ್ತು, ಆದ್ರೆ ಜನ ಮನುಷ್ಯರಿಗೆ ಮಾಡಿದ ಅದೇ ಔಷಧಿಯ ದೊಡ್ಡ ಬಾಟ್ಲಿ ತಂದು ದನಕ್ಕೇ ಚುಚ್ಚಿದ್ರು, ಹಾಗಾಗಿ 2015ರಲ್ಲಿ ಅದನ್ನೂ 3 ಎಂಎಲ್‌ಗೆ ಇಳಿಸ್ಬೇಕಾಯ್ತು. ಇನ್ನು ನಮ್ಮ ಮಲಬಾರ್ ಹಿಲ್ಲಲ್ಲಿ ಹದ್ದಿಲ್ದೆ ಪಾರ್ಸಿಗಳು, ಹದ್ದಿಗೆ ಅಂತ ಹೆಣ ಇಡೋ ಡೂಂಗರ್‌ವಾಡಿಯಲ್ಲಿ, ಹೆಣ ಒಣಗಿಸೋಕೆ ಸೋಲಾರ್ ಕನ್ನಡಿ ಕೂರಿಸ್ಬೇಕಾಯ್ತು. ಮುಂಬಯಿಯಲ್ಲಿ ಕೂತು ಬರೀತಾ ಇದನ್ನ ಬಿಟ್ಟಿದ್ದೀರಲ್ಲ!

"ಎಲ್ಲ ಪಕ್ಷಿಗಳೂ ನಾಶವಾಗುತ್ತಿವೆ" ಅನ್ನೋ ವಾಕ್ಯಾನೂ ತೆಗೀರಿ. 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' 2023ರ ವರದಿಯಲ್ಲಿ, ದೀರ್ಘಕಾಲದ ಲೆಕ್ಕ ಸಿಕ್ಕಿದ 338 ಜಾತಿಗಳಲ್ಲಿ ಶೇ. 60 ಇಳಿದಿವೆ, ನಿಜ. ಆದ್ರೆ ನವಿಲು ಜಾಸ್ತಿಯಾಗಿದೆ, ಕೋಗಿಲೆ ಜಾಸ್ತಿಯಾಗಿದೆ, ಪಾರಿವಾಳದ ಮಾತು ಜನ ಕಾಳು ಹಾಕ್ತಿದ್ದ ದಾದರ್ ಕಬೂತರ್‌ಖಾನೆ ಅಕ್ಕಪಕ್ಕದವರನ್ನ ಕೇಳಿ. ಸೋತಿದ್ದು ನಮ್ಮ ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ, ಬಯಲಲ್ಲಿ ಕೂತು ಹುಳ ಹಿಡಿಯೋದು. ಸೊಲ್ಲಾಪುರ ಕಡೆ ನಾನ್ನಜ್‌ನಲ್ಲಿದ್ದ ಎರ್ಲಡ್ಡೂ ಬಯಲಿನದೇ: ಹುಲ್ಲುಗಾವಲನ್ನ ಬಂಜರು ಅಂತ ಕರೆದು ಉಳುಮೆಗೂ ಕಾರ್ಖಾನೆಗೂ ಕೊಟ್ಟಿದ್ದು ಒಂದು ಕಡೆ, ಕರೆಂಟ್ ತಂತಿ ಇನ್ನೊಂದು ಕಡೆ. ಅದಕ್ಕೆ ನೇರ ಮುಂದೆ ಸರಿಯಾಗಿ ಕಾಣಲ್ಲ, ಮೈಯೂ ಭಾರ, ತಂತಿ ಹತ್ರ ಬಂದ್ಮೇಲೆ ತಿರುಗೋಕಾಗಲ್ಲ.

ಈಗ ಆ ನಾಲ್ಕು ಸಾಲು. ಅಂಗಡಿ ಮುಂದೆ ಬಾಯಿ ತೆರೆದ ಗೋಣಿಚೀಲ ಇರ್ತಿತ್ತು, ಗುಬ್ಬಿ ಜೋಳ ಹೆಕ್ತಿದ್ವು, ಮಾಲೀಕ ಸುಮ್ನೆ ಕೈ ಬೀಸ್ತಿದ್ದ, ಈಗ ಎಲ್ಲಾ ಪ್ಯಾಕೆಟ್ ಅಂತ ಬರ್ದಿದ್ದೀರಿ. ಲೇಖನ ಶುರುವಾಗ್ಬೇಕಾದ್ದು ಅಲ್ಲಿಂದ. ಇದೇ ವರದಿಯ 2020ರ ಆವೃತ್ತಿ ಏನಂತದೆ ಗೊತ್ತಾ, ಇಡೀ ದೇಶ ನೋಡಿದ್ರೆ ಗುಬ್ಬಿ ಹೆಚ್ಚುಕಮ್ಮಿ ಹಾಗೇ ಉಂಟು, ಇಳಿದಿರೋದು ಮುಂಬಯಿಯೂ ಸೇರಿ ದೊಡ್ಡ ಊರುಗಳಲ್ಲಿ. ಟವರ್ ಹಳ್ಳೀಲೂ ಉಂಟಲ್ವಾ? ಹಾಗಾದ್ರೆ ಮುಲುಂಡಿನಲ್ಲಿ ಬೇರೆ ಏನಾಯ್ತು ಅಂತ ಹುಡುಕಿ. ಆ ಅಂಗಡಿಯವರನ್ನೇ ಮಾತಾಡ್ಸಿ, ಗೋಣಿ ಯಾವಾಗ ಒಳಗೆ ಹೋಯ್ತು ಅಂತ ಕೇಳಿ. ನಿಮ್ಮ ಚಾಳಿನ ಹೆಂಚಿನ ಸಂದಿ, ಫೋಟೋ ಹಿಂದಿನ ಜಾಗ, ಮೀಟರ್ ಬಾಕ್ಸ್ ಇವೆಲ್ಲ ಗೂಡಿನ ಜಾಗಗಳು, ರಿಡೆವಲಪ್‌ಮೆಂಟ್ ಆದ ಬಿಲ್ಡಿಂಗಿನ ನುಣುಪು ಗೋಡೆಯಲ್ಲಿ ಹಾಗೊಂದು ತೂತು ತೋರ್ಸಿ ನೋಡುವಾ. ಇನ್ನೊಂದು, ದೊಡ್ಡ ಗುಬ್ಬಿ ಕಾಳು ತಿನ್ನುತ್ತೆ ಆದ್ರೆ ಮರಿಗೆ ಮೊದಲ ದಿನಗಳಲ್ಲಿ ಹುಳಾನೇ ಬೇಕು, ಸೊಸೈಟಿ ಕಾಂಪೌಂಡಿಗೆಲ್ಲಾ ಪೇವರ್ ಬ್ಲಾಕ್ ಹಾಕಿ ಗಿಡಕ್ಕೆ ಪೆಸ್ಟ್ ಕಂಟ್ರೋಲ್ ಹೊಡೆದ್ರೆ ಹುಳ ಎಲ್ಲಿಂದ ಬರ್ಬೇಕು? ಬಾಲ್ಕನಿಯಲ್ಲಿ ಅಕ್ಕಿ ಇಡಿ ಅಂತ ಕೊನೇಲಿ ಉಪದೇಶ ಮಾಡಿದ್ದೀರಿ. ಅಕ್ಕಿ ಇಟ್ರೆ ಪಾರಿವಾಳ ಬರ್ತವೆ.

ಫ್ಲೆಮಿಂಗೋ ಸದ್ಯಕ್ಕೆ ಬಿಡಿ. 2024ರ ಮೇನಲ್ಲಿ ಘಾಟ್ಕೋಪರಿನ ಮೇಲೆ ವಿಮಾನಕ್ಕೆ ಬಡಿದು ಮೂವತ್ತಕ್ಕೂ ಹೆಚ್ಚು ಸತ್ವಲ್ಲ, ಅದು, ಥಾಣೆ ಖಾಡಿ (ಕ್ರೀಕ್), ಸುತ್ತಲಿನ ಜೌಗು ತುಂಬಿಸೋದು, ಎಲ್ಲಾ ಸೇರಿ ಇನ್ನೊಂದು ಲೇಖನಕ್ಕಾಗುತ್ತೆ.

"ಪ್ರಕೃತಿ ಮಾತೆಯ ಮಡಿಲಲ್ಲಿ" ಅಂತ ಶುರುವಾಗೋ ಪ್ಯಾರಾ, ಕೊನೆಯ ಕವನ ಎರಡೂ ಬೇಡ. 800 ಪದದೊಳಗೆ, ಗುಬ್ಬಿ ಒಂದನ್ನೇ ಇಟ್ಕೊಂಡು ಬರ್ದು ಕಳ್ಸಿ. ಗೂಗಲ್ ಫೋಟೋ ಬೇಡ, ಆ ಅಂಗಡಿಯದ್ದೇ ಒಂದು ತೆಗೀರಿ, ಮಾಲೀಕರನ್ನ ಕೇಳಿ ತೆಗೀರಿ. ದೀಪಾವಳಿ ಸಂಚಿಕೆಗೆ ಜಾಗ ಉಂಟು.