ಹಂಚುವ ಬಟ್ಟೆಯ ಸೂಟ್‌ಕೇಸ್ ಮನೆಯಲ್ಲೇ ಇರಲಿ

ಪ್ರಿಯ ಸಹೋದರಿಯವರಿಗೆ ವಂದನೆಗಳು.

ಉಡುಪಿಯ ನಿಮ್ಮ ಕ್ರೈಸ್ತ ಸಭೆಯಿಂದ ಒಂಬತ್ತು ಮಂದಿ ಜುಲೈನಲ್ಲಿ ಕೀನ್ಯಾಕ್ಕೆ, ಕಿಸುಮು ಹತ್ತಿರದ ಒಂದು ಹಳ್ಳಿ ಸಭೆಗೆ, ಹನ್ನೆರಡು ದಿನಕ್ಕೆ ಹೊರಟಿದ್ದೀರಿ. ತಲೆಗೆ 46 ಕಿಲೋ ಲಗೇಜು ಇದೆ, ಅರ್ಧ ಭಾಗ ಮಕ್ಕಳಿಗೆ ಹಂಚುವ ಹಳೆ ಬಟ್ಟೆ ತುಂಬಿಸಬಹುದಾ ಎಂದು ಕೇಳಿದ್ದೀರಿ.

ಬೇಡ. ನಾನೂ ಮೊದಲ ಸಲ ಎರಡು ಸೂಟ್‌ಕೇಸ್ ತುಂಬಾ ಬಟ್ಟೆ ಹೊತ್ತುಕೊಂಡು ಹೋಗಿದ್ದೆ. ಸಭಾಪಾಲಕರ ಹೆಂಡತಿ ನಗುತ್ತಲೇ ತೆಗೆದುಕೊಂಡರು. ಆಮೇಲೆ ನೈರೋಬಿಯ ಗಿಕೊಂಬಾ ಸಂತೆ ನೋಡಿದೆ. ಹೊರದೇಶದ ಹಳೆ ಬಟ್ಟೆ ಅಲ್ಲಿ ಮೂಟೆಗಟ್ಟಲೆ ಬರುತ್ತದೆ, ಅದಕ್ಕೆ 'ಮಿತುಂಬಾ' ಎಂದು ಹೆಸರೇ ಇದೆ. ನನಗೆ ನಾಚಿಕೆಯಾಯಿತು. ಸಮುದ್ರ ದಾಟಿಸಿ ಒಯ್ದದ್ದು ಅವರೂರಲ್ಲಿ ರಾಶಿ ಬಿದ್ದಿದ್ದ ಸಾಮಾನು! ಏನು ಬೇಕು ಎಂದು ಅಲ್ಲಿನ ಸಭಾಪಾಲಕರನ್ನೇ ಕೇಳಿ. ಶಾಲೆಯ ಸಮವಸ್ತ್ರ ಬೇಕು ಎಂದರೆ ಹಣ ಕೊಡಿ, ಅವರೂರ ದರ್ಜಿಯೇ ಹೊಲಿಯಲಿ. ಹಂಚಲು ಔಷಧಿಯನ್ನಂತೂ ಸುಮ್ನೆ ತುಂಬಿಕೊಂಡು ಹೋಗಬೇಡಿ, ಅದಕ್ಕೆ ಅಲ್ಲಿನ ಸರ್ಕಾರದ ಅನುಮತಿ ಬೇಕು.

ಜ್ವರದ ವಿಷಯಕ್ಕೆ ಜಾಸ್ತಿ ಗಮನ ಕೊಡಿ. ಹಳದಿ ಜ್ವರದ ಲಸಿಕೆಯ ಕಾರ್ಡು, ಲಸಿಕೆ ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಊರ್ಜಿತ. ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಕಾರ್ಡಿಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ಇನ್ನು ಮಲೇರಿಯಾ. ಕರಾವಳಿಯವರಿಗೆ ಅದೇನು ಹೊಸದಾ ಎನ್ನಬೇಡಿ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಬಗೆ, ಕಿಸುಮು ಇರುವ ವಿಕ್ಟೋರಿಯಾ ಸರೋವರದ ಸುತ್ತ ಹೆಚ್ಚಾಗಿ ಇರುವುದು ಮೆದುಳಿಗೆ ಏರಬಲ್ಲ ಫಾಲ್ಸಿಪಾರಂ. ವೈದ್ಯರು ಕೊಟ್ಟ ಮಾತ್ರೆಯನ್ನು ಊರಿಗೆ ಬಂದ ಮೇಲೂ ಅವರು ಹೇಳಿದಷ್ಟು ದಿನ ನುಂಗಿ.

ಚಪ್ಪಲಿಗೊಂದು, ಒದ್ದೆ ಟವೆಲ್ಲಿಗೊಂದು ಪ್ಲಾಸ್ಟಿಕ್ ಕವರ್ ಕಟ್ಟುವ ಅಭ್ಯಾಸ ನಮ್ಮದು ಅಲ್ವಾ? ಕೀನ್ಯಾ 2017ರಲ್ಲೇ ಅದನ್ನು ನಿಷೇಧಿಸಿದೆ, ದಂಡವೂ ದೊಡ್ಡದು. ಬಟ್ಟೆ ಚೀಲ ಒಯ್ಯಿರಿ. ಅಲ್ಲಿನ ಮೂರು ಚೌಕ ಕಾಲಿನ ಪ್ಲಗ್ಗಿಗೆ ಅಡಾಪ್ಟರ್ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ. ಒಂದು ಸ್ವೆಟರೂ ಇರಲಿ. ನೈರೋಬಿ 1,700 ಮೀಟರಿಗಿಂತ ಎತ್ತರದಲ್ಲಿದೆ, ಜುಲೈನಲ್ಲಿ ಚಳಿ.

ಹೊರಡುವ ಮುಂಚೆ ಉಳಿದ ದಿನಗಳಲ್ಲಿ ಅಲ್ಲಿನ ಭಾಷೆ ಸ್ವಾಹಿಲಿ ಕಲಿಯಿರಿ. ಜರ್ಮನ್ ಮಿಷನರಿ ಕಿಟೆಲ್ 1853ರಲ್ಲಿ ನಮ್ಮ ಕಡೆ ಬಂದವರು, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಹನ್ನೆರಡು ದಿನದ ನಿಮಗೆ ಇಪ್ಪತ್ತು ಮಾತು ಸಾಕು. ಹಿರಿಯರಿಗೆ 'ಶಿಕಾಮೋ' ಎಂದು ನಮಸ್ಕರಿಸಿ. ಸಭೆಯಲ್ಲಿ ಎದುರಾದವರು 'ಬ್ವಾನಾ ಅಸಿಫಿವೆ' ಅನ್ನುತ್ತಾರೆ, ಕರ್ತನಿಗೆ ಸ್ತೋತ್ರ ಎಂದರ್ಥ. ಅದಕ್ಕೆ ಉತ್ತರ 'ಆಮೆನ್'. ಅದು ನಿಮಗೆ ಬರುತ್ತದೆ.

— ಸಂಪಾದಕ